ಹತ್ತರಲ್ಲಿ ಒಬ್ಬ

ಗ್ದೀನಿಯಾ ಬಂದರಿನ ಬೀದಿಯಲ್ಲಿ
ರಾತ್ರಿ ಪಾಳಿಯ ಔಷಧದಂಗಡಿ ನನ್ನದು.
ನನ್ನದೆಂದರೆ, ನಿದ್ದೆಗೇಡು ನನ್ನದು, ಅಂಗಡಿ ಬೇರೆಯವರದು.
ಹತ್ತು ಹೊಡೆದ ಮೇಲೆ ಬಾಗಿಲಿಲ್ಲ, ಒಂದು ಕಿಟಕಿ,
ಬ್ರೆಡ್ಡಿನ ತುಂಡು ತೂರುವಷ್ಟು.
ಗಂಟೆ ಒತ್ತುತ್ತಾರೆ. ಮುಖ ಕಾಣುವ ಮೊದಲು
ನೋಯುವ ಜಾಗ ಕಾಣುತ್ತದೆ:
ಕೆನ್ನೆಗೊತ್ತಿದ ಅಂಗೈ, ಸೊಂಟಕ್ಕೂರಿದ ಮುಷ್ಟಿ.

ಹಲ್ಲು ಕೀಳಿಸಿಕೊಂಡು ಬಂದ ಹುಡುಗನಿಗೆ ಧೈರ್ಯವಾಗಿ ಹೇಳುತ್ತೇನೆ:
ಐಬುಪ್ರೊಫೆನ್, ಪ್ಯಾರಸಿಟಮಾಲ್,
ಏನಾದರೂ ತಿಂದು ಎರಡನ್ನೂ ಜೊತೆಗೆ ನುಂಗು.
ಹತ್ತರಲ್ಲಿ ಏಳು ಮಂದಿಗೆ ನೋವು ಅರ್ಧಕ್ಕಿಳಿಯುತ್ತದೆ,
ಹುಸಿ ಮಾತ್ರೆ ಕೊಟ್ಟಿದ್ದರೆ ಒಬ್ಬನಿಗೆ.
ಹಲ್ಲಿನ ವಿಷಯದಲ್ಲಿ ನನ್ನ ಕಸುಬಿಗೆ ಮರ್ಯಾದೆಯಿದೆ.

ಮುಟ್ಟಿನ ನೋವಿಗೆ ಬಂದ ಹಾಲ್ಶ್ಕಾ, ನಾಳೆ ಪರೀಕ್ಷೆಯಂತೆ,
ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲೇ ಕೂತು ಮಾತಾಡಿದಳು.
ಕೈ ಮಾತ್ರ ಮೇಲೆ ಬಂತು, ಬೆಚ್ಚಗಾದ ನಾಣ್ಯಗಳ ಸಮೇತ.
ಅವಳಿಗೂ ಕೊಡಲು ನನ್ನ ಬಳಿ ಒಳ್ಳೆಯದೇ ಇತ್ತು.

ತಲೆನೋವು ಬೇರೆ ಕತೆ.
ಎರಡು ಮಾತ್ರೆ, ಎರಡು ಗಂಟೆ: ಹತ್ತರಲ್ಲಿ ಆರು ಜನ ಹಗುರ.
ಹುಸಿ ಮಾತ್ರೆ ನುಂಗಿದವರಲ್ಲಿ ಐದು.
ಕೂಡಿ ಕಳೆದರೆ ಮದ್ದಿನ ಪಾಲಿಗೆ ಒಬ್ಬ.
ಆ ಒಬ್ಬ ಯಾರೆಂದು ಮದ್ದಿಗೂ ಗೊತ್ತಿಲ್ಲ.
ಮಿಕ್ಕ ಐವರ ತಲೆ ಇಳಿಸಿದ್ದು
ನೀರಿನ ಲೋಟವೋ, ಕತ್ತಲೋ, ಒಂದಿಷ್ಟು ಬಿಡುವೋ,
ಕೂಲಿ ಕೇಳಲು ಯಾರೂ ಬಂದಿಲ್ಲ.

ಮುದುಕಿ ಲಿಯೊಕಾದಿಯಾಗೆ ಕೆಂಪು ಪೆಟ್ಟಿಗೆಯದೇ ಬೇಕು.
ಅದೇ ಮದ್ದು, ಅದೇ ತೂಕ, ನೀಲಿಯಲ್ಲಿ ಅರ್ಧ ಬೆಲೆ ಎಂದೆ.
"ನೀಲಿ ನನ್ನ ಮಂಡಿಯವರೆಗೆ ಇಳಿಯೋದಿಲ್ಲ ಮಗಳೇ,
ಸೊಂಟದ ಹತ್ತಿರವೇ ನಿಂತುಬಿಡುತ್ತೆ."
ವಾದಿಸಲಿಲ್ಲ. ಓದು ನನ್ನದು, ಮಂಡಿ ಅವಳದು.

ಮೂರು ಗಂಟೆಗೆ ಝೆನೊನ್, ಹಡಗುಕಟ್ಟೆಯ ಬೆಸುಗೆಗಾರ.
ಬೆನ್ನು ಹಿಡಿದು ಮೂರು ದಿನ,
ಬೂಟಿನ ದಾರ ಮಗಳು ಕಟ್ಟುತ್ತಿದ್ದಾಳೆ.
ಪ್ಯಾರಸಿಟಮಾಲ್ ಕೊಡು, ದೊಡ್ಡ ಡಬ್ಬಿ, ಎಂದ.
ಕೊಟ್ಟುಬಿಡಬಹುದಿತ್ತು.
ಸಮುದ್ರದ ಗಾಳಿ ಕಿಟಕಿಯೊಳಗೆ ಕೈ ಹಾಕಿ
ರಸೀದಿಗಳನ್ನು ಎಣಿಸುತ್ತಿತ್ತು; ಯಾಕೋ ನಿಜ ಹೇಳಿದೆ:
"ಬೆನ್ನಿಗೆ ಇದೂ ಒಂದೇ, ಹಿಟ್ಟಿನ ಉಂಡೆಯೂ ಒಂದೇ.
ಇದನ್ನು ನುಂಗಿದವರೂ ಅದನ್ನು ನುಂಗಿದವರೂ
ಹೆಚ್ಚುಕಡಿಮೆ ಒಟ್ಟಿಗೇ ನೆಟ್ಟಗಾದರಂತೆ.
ಇನ್ನೊಂದಿದೆ, ತುಸು ಕೆಲಸ ಮಾಡುತ್ತದೆ, ಹೊಟ್ಟೆ ಹೇಗಿದೆ?"
ಹುಣ್ಣಿದೆ ಎಂದ.
ನಗಲು ಹೋಗಿ ಬೆನ್ನು ಹಿಡಿದುಕೊಂಡ.
"ಹಾಗಾದರೆ ಇಷ್ಟು ವರ್ಷ ನನ್ನ ಬೆನ್ನನ್ನು ಇಳಿಸಿದ್ದು ಯಾರು?"
"ದಿನಗಳು," ಎಂದೆ. "ಮತ್ತೆ, ಮಲಗದೆ ಓಡಾಡಿದ್ದು."
"ಒಂದು ಡಬ್ಬಿ ದಿನ ಕೊಡು ಹಾಗಾದರೆ."

ಕಪಾಟು ತಡಕಿದವಳಂತೆ ತಿರುಗಿ ನಿಂತೆ, ನಗು ಮುಚ್ಚಲು.
ಕೊನೆಗೆ ಚಿಕ್ಕದೊಂದು ಪೊಟ್ಟಣ ಕೊಂಡೇ ಕೊಂಡ.
ನುಂಗಲಿಕ್ಕಲ್ಲ.
"ಮಗಳು ಎದ್ದು ಕೂತಿರುತ್ತಾಳೆ. ಬರಿಗೈಲಿ ಹೋದರೆ
ಬೆಳಗ್ಗೆ ದಾರ ಕಟ್ಟುವಾಗ ಮುಖ ನೋಡೋದಿಲ್ಲ ಅವಳು."
ಟ್ರಾಲಿಬಸ್ಸಿಲ್ಲದ ಟ್ರಾಲಿಬಸ್ ತಂತಿಗಳ ಕೆಳಗೆ
ನಡೆದೇ ಹೋದ, ಒಂದು ಕೈ ಬೆನ್ನಿಗೆ,
ಒಂದು ಕೈ ಜೇಬಿನ ಪೊಟ್ಟಣಕ್ಕೆ.
ಅದು ಯಾರ ನೋವಿನ ಮದ್ದೆಂದು
ಯಾವ ಪರೀಕ್ಷೆಯೂ ಅಳೆದಿಲ್ಲ.

ಐದಕ್ಕೆ ನನ್ನ ತಲೆಯೇ ಸಿಡಿಯತೊಡಗಿತು.
ಲೆಕ್ಕವೆಲ್ಲ ಬಾಯಿಪಾಠ: ಆರು, ಐದು, ಒಬ್ಬ.
ದೀಪವೊಂದನ್ನು ಆರಿಸಿದೆ, ಲೋಟ ತುಂಬಿಸಿದೆ.
ಕೈಗೆ ಹತ್ತಿರವಿದ್ದದ್ದು ನೀಲಿ.
ಯಾರೂ ನೋಡುತ್ತಿರಲಿಲ್ಲ.
ತುದಿಗಾಲಲ್ಲಿ ನಿಂತು ಮೇಲಿನ ಸಾಲಿನಿಂದ
ಕೆಂಪನ್ನು ಇಳಿಸಿಕೊಂಡೆ.