ಬೈಂಡಿಂಗ್‌ಗೆ ಕೊಟ್ಟ ಪ್ರಬಂಧ

ಪೆನ್ಷನ್ ಮೊಹಲ್ಲಾದಲ್ಲಿ, ಗ್ಯಾರೇಜಿನ ಪಕ್ಕ,
ಮೂರು ಮೆಟ್ಟಿಲು ಇಳಿದರೆ ಖಲಂದರ್ ಸಾಬರ ಅಂಗಡಿ.
ಐದು ಪ್ರತಿ ಇಟ್ಟೆ. ಸೋಮವಾರ ಬೇಕು ಅಂದೆ.
ಸೋಮವಾರ ಎಲ್ಲರಿಗೂ ಬೇಕು, ಅಂದರು.
ರಸೀದಿ ಬರೆದರು: ಜಯಶೀಲಮ್ಮ, ಕಪ್ಪು ರಟ್ಟು, ಮುಂಗಡ ಮುನ್ನೂರು.

ಆಮೇಲೆ ಕನ್ನಡಕ ಏರಿಸಿ, ಮೊದಲ ಹಾಳೆ ತಿರುವಿ,
“ಎಂಟು ವರ್ಷ ಇದೇನಾ? ಏನಿದೆ ಇದರೊಳಗೆ?”

ಏನಿದೆ.
ಗೈಡ್ ಕೇಳಿದರೆ ಉತ್ತರ ಇತ್ತು, ಇಂಗ್ಲಿಷಿನಲ್ಲಿ, ಸ್ಲೈಡಿನ ಮೇಲೆ.
ಅಮ್ಮ ಕೇಳಿದಾಗ ಎಲೆ ಅಂದಿದ್ದೆ, ಅವಳು ವೀಳ್ಯದೆಲೆ ಅಂದುಕೊಂಡಳು.
ಸಾಬರ ಕೈಯಲ್ಲಿ ದಬ್ಬಳ ಇತ್ತು, ಮೇಣ ಉಜ್ಜಿದ ದಾರ.
ಅದನ್ನೇ ತೋರಿಸಿದೆ. ಇದು, ಸಾಬರೇ, ಇದೇ.

ಒಂದು ಅವರೆ ಎಲೆ. ಅದರ ಒಂದು ಜೀವಕೋಶದಲ್ಲಿ
ಹಸಿರು ಹರಳುಗಳು, ಹತ್ತಾರು.
ಒಂದೊಂದರೊಳಗೂ ಅದರದೇ ಬರಹ, ಡಿಎನ್‌ಎ,
ಸುತ್ತಿ ಸುತ್ತಿ ಮುದುಡಿದ ಎಳೆ.
ಯಾವುದೋ ಕಾಲದಲ್ಲಿ ತನ್ನ ಪಾಡಿಗೆ ನೀರಲ್ಲಿ ತೇಲುತ್ತಿದ್ದ ಜೀವಿ
ಬಾಡಿಗೆಗೆ ಬಂದು ಇಲ್ಲೇ ಉಳಿಯಿತಲ್ಲ,
ಆಗ ತಂದ ದಫ್ತರು ಅದು.
ಬಹಳಷ್ಟು ಪುಟ ದೊಡ್ಡಮನೆ ಸೇರಿಕೊಂಡವು, ಕೋಶದ ನಡುಮನೆಗೆ.
ಉಳಿದದ್ದು ನೂರು ಚಿಲ್ಲರೆ ಸಾಲು.
ಅದಾದರೂ ಅಲೆಯಬಾರದು ಅಂತ
ಒಂದು ಪ್ರೋಟೀನ್ ಬರುತ್ತೆ,
ಒಂದು ತುದಿಯನ್ನು ಪೊರೆಗೆ ಚುಚ್ಚಿಕೊಂಡು
ಇನ್ನೊಂದರಲ್ಲಿ ಎಳೆ ಹಿಡಿದು ನಿಲ್ಲುತ್ತೆ.
ತಮಾಷೆ ಏನು ಗೊತ್ತಾ? ಆ ದಾರವನ್ನೂ
ದೊಡ್ಡಮನೆಯವರೇ ನೂತು ಕಳಿಸಬೇಕು.

“ಪೊರೆ ಅಂದರೆ ಹಾವಿನದಲ್ಲವಾ?”
ಹಾವಿನದೂ ಹೌದು, ಕಣ್ಣಿನದೂ ಹೌದು.
ಅವರ ಎಡಗಣ್ಣು ಮಂಜಾಗಿ ನನ್ನ ಕಡೆ ನೋಡಿತು.
ಪೊರೆ ಅಂದರೆ ಸಲಹು ಅಂತಲೂ ಇದೆ,
ಅದು ಹೊಳೆದದ್ದು ಆಮೇಲೆ, ಸಿಟಿ ಬಸ್ಸಿನಲ್ಲಿ.

ಲ್ಯಾಬಿನ ಕಪಾಟಿನಲ್ಲಿ ಎಂಟು ದಿನ ಕತ್ತಲು.
ಬಿಳಿಚಿ ಉದ್ದಕ್ಕೆ ಜೋತ ಸಸಿಗಳು
ಕಪ್ಪು ಬಟ್ಟೆ ತೆಗೆದ ದಿನ ಸಂಜೆಗೆ ಹಸಿರೇರುತ್ತಿದ್ದವು.
ಎಳೆಯದರಲ್ಲಿ ಬರಹ ಹೊರಗೋಡೆಗೆ ಕಟ್ಟಿರುತ್ತದೆ.
ಬಲಿತಂತೆ ಒಳಪದರಗಳಿಗೆ ಸಾಗುತ್ತದೆ, ಕಟ್ಟುವವರೂ ಬದಲು.
ನೀಲಿ ಬಣ್ಣ ಹಾಕಿ ಅದನ್ನೇ ಕಾದು ನೋಡಿದೆ,
ಚುಕ್ಕಿಗಳು ಅಂಚು ಬಿಟ್ಟು ಒಳಗೆ ಬರುವುದನ್ನು,
ಕರೆಂಟ್ ಹೋಗದ ರಾತ್ರಿಗಳಲ್ಲಿ.

ಆದರೆ ಐದನೇ ಅಧ್ಯಾಯ, ಸಾಬರೇ.
ಆ ಪ್ರೋಟೀನೇ ಇಲ್ಲದ ಗಿಡ ಬೆಳೆಸಿದೆ.
ಬಾಡುತ್ತೆ ಅಂತ ಕಾದೆ. ನಾಚಿಕೆ ಬಿಟ್ಟು ಹೇಳಬೇಕಂದರೆ,
ಬಾಡಲಿ ಅಂತ ಕಾದೆ.
ಅದು ಹೂ ಬಿಟ್ಟಿತು. ಕಾಯಿಗೆ ಸೊಗಡೂ ಇತ್ತು.

ಸಾಬರು ದಾರವನ್ನು ಹಲ್ಲಲ್ಲಿ ಕಡಿದರು.
“ಅದಕ್ಕೇನಮ್ಮ. ನಾನು ಐದು ಕಡೆ ಹೊಲೀತೀನಿ.
ಒಂದು ಬಿಟ್ಟುಹೋದರೆ ಪುಸ್ತಕ ಬೀಳುತ್ತಾ?
ಬೀಳಲಿಲ್ಲ ಅಂತ ಆ ಹೊಲಿಗೆ ಸುಳ್ಳಾ?”
ಮತ್ತೆ, ಅಂಟಿನ ಡಬ್ಬಿಗೆ ಮೈಲುತುತ್ತ ಉದುರಿಸುತ್ತ,
“ಜಾಸ್ತಿ ಬಿಗಿದರೂ ಕಷ್ಟ. ಬಿಚ್ಚಿಕೊಳ್ಳಲ್ಲ.
ಬಿಚ್ಚಿಕೊಳ್ಳದ್ದನ್ನ ಯಾರು ಓದ್ತಾರೆ?”

ನೂರ ಹನ್ನೆರಡನೇ ಪುಟದಲ್ಲಿ ಇದೇ ಇತ್ತು,
ಎಳೆ ತೀರಾ ಬಿಗಿದರೆ ನಕಲು ಇಳಿಸುವ ಕೆಲಸ ನಿಲ್ಲುತ್ತದೆ ಎಂದು,
ಆರು ಉಲ್ಲೇಖ, ಎರಡು ನಕ್ಷೆ ಸಮೇತ.

ಸೋಮವಾರ ಕಟ್ಟಿನಕೆರೆ ಮಾರುಕಟ್ಟೆ ದಾಟಿ ಹೋದೆ,
ಗೋಣಿತಾಟಿನ ಮೇಲೆ ಅವರೆ ರಾಶಿ, ಅಂಗೈಗೆ ಅಂಟುವ ಹೊತ್ತು.
ನಾಲ್ಕು ಪ್ರತಿ ಸರಿ ಇದ್ದವು.
ಐದನೆಯದರಲ್ಲಿ ಐದನೇ ಅಧ್ಯಾಯ ತಲೆಕೆಳಗು.
“ಕಣ್ಣು,” ಅಂದರು, “ಬಿಚ್ಚಿ ಹೊಲೀಲಾ?”
ಬೇಡ ಅಂದೆ, ಬಾಕಿ ಕೊಟ್ಟೆ.

ಈಗಲೂ ಆ ಪುಟ ಬಂದರೆ ಪುಸ್ತಕವನ್ನೇ ತಿರುಗಿಸಿ ಹಿಡಿಯುತ್ತೇನೆ.
ಗಿಡ ಹೂ ಬಿಟ್ಟ ಚಿತ್ರ ನೆಟ್ಟಗಾಗುತ್ತದೆ,
ಉಳಿದ ಅಧ್ಯಾಯಗಳು ತಲೆಕೆಳಗು.
ಹೊಲಿಗೆ ಮಾತ್ರ ಗಟ್ಟಿ ಇದೆ.