ಎರಡಿಂಚು ಬಿಟ್ಟು ಹೊಲಿ

ಕಾರಟಗಿಯೊಳಗ, ರೈಸ್‌ಮಿಲ್ಲಿನ ಗ್ವಾಡಿಗೆ ಬೆನ್ನು ಹಚ್ಚಿ
ಕುಂತೈತಿ ನನ್ನ ಅಂಗಡಿ. ಎಂಟಡಿ ಅಗಲ,
ಒಂದು ಮಿಷಿನ್ನು, ಒಂದು ಫ್ಯಾನು,
ಝಾಡಿಸಿದಷ್ಟೂ ಬಂದು ಕೂಡೋ ಭತ್ತದ ಹೊಟ್ಟು.
ಇಪ್ಪತ್ತೆರಡು ವರ್ಷದಿಂದ ಈ ಊರಿನ ಹೆಣ್ಣುಮಕ್ಕಳ ಸೊಂಟ
ನನ್ನ ನೋಟ್‌ಬುಕ್ಕಿನ್ಯಾಗ ಅದಾವ.
ಯಾರು ಬಾಣಂತನದಾಗ ತುಂಬಿಕೊಂಡರು,
ಯಾರು ಮಗಳ ಮದಿವಿ ಚಿಂತಿಗೆ ಸೊರಗಿದರು,
ಕೇಳ್ರಿ, ಪೆನ್ಸಿಲ್ಲಿನ್ಯಾಗ ಬರದೈತಿ.

ನಂದೊಂದ ಬರಕೊಂಡಿರಲಿಲ್ಲ.

ಆ ವರ್ಷ ಒಳಲಂಗದ ಲಾಡಿ
ಒಂದು ಬೆರಳು ಸಡ್ಲ ಬಿಟ್ಟೆ. ಆಮ್ಯಾಲ ಎರಡು.
ಅರ್ಧ ರೊಟ್ಟಿಗೇ ಸಾಕಾಗಿ ತಾಟು ಸರಸಿದೆ.
"ಗ್ಯಾಸು" ಅಂದಳು ನೆಗೆಣ್ಣಿ, ಅಜಿವಾನ ಕೊಟ್ಟಳು.
"ಗ್ಯಾಸು" ಅಂದ ಮೆಡಿಕಲ್ ಹುಡುಗ,
ಗುಲಾಬಿ ಗುಳಿಗಿ ಹತ್ತು ಹರದು ಕೊಟ್ಟ.
"ಮುಟ್ಟು ನಿಲ್ಲೋ ವಯಸ್ಸು, ಹಿಂಗ ಇರತೈತಿ" ಅಂದಳು ನಮ್ಮವ್ವ.
ಆಕಿಗೆ ಎಲ್ಲಾದಕ್ಕೂ ಅದ ಕಾರಣ, ಕರೆಂಟು ಹೋದರೂ.
ತಾಸಿಗೊಮ್ಮೆ ಮಿಷಿನ್ ಬಿಟ್ಟು ಪಾಯಖಾನಿಗೆ ಓಡಾಕಿ ನಾನು,
ಶುಗರ್ ಇರಬೇಕಂತ ಚಾದಾಗಿನ ಸಕ್ರಿ ಬಿಟ್ಟೆ.
ನಾಕು ತಿಂಗಳು.
"ಎರಡಿಂಚು ಬಿಟ್ಟು ಹೊಲಿ ಹಂಪವ್ವ" ಅಂತಾರಲ್ಲ ಮಂದಿ,
ಹಂಗ ನನ್ನೊಳಗ ಯಾವುದೋ
ತನಗ ಬೇಕಾದಷ್ಟು ಬಿಟ್ಟುಕೊಂಡು
ಸಪ್ಪಳಿಲ್ಲದಂಗ ಹೊಲಕೊಂತ ಕುಂತಿತ್ತು.

ಹಿಡಿದಾಕಿ ತಸ್ಲೀಮಾ. ಕಲಿಯಾಕ ಬರೋ ಹುಡುಗಿ,
ನನ್ನ ಮ್ಯಾಲ ಅಳತಿ ಹಿಡಿಯೂದು ಕಲಿತಿದ್ಲು.
"ಸೊಂಟ ಮೂವತ್ತೆಂಟು."
ಸರಿಯಾಗಿ ಹಿಡಿಯಲೇ, ಅಂದೆ.
ಮತ್ತ ಹಿಡಿದ್ಲು. "ಮೂವತ್ತೆಂಟ ಅಕ್ಕಾ.
ರಟ್ಟಿ ನೋಡ್ರಿ, ಕಡ್ಡಿ ಆಗ್ಯಾವ. ಹೊಟ್ಟಿ ಅಷ್ಟ ಬೆಳದೈತಿ.
ಟೇಪು ಸುಳ್ಳು ಹೇಳಂಗಿಲ್ಲ ಅಂತ ನೀವ ಹೇಳೀರಿ."

ಗಂಗಾವತಿ ಸ್ಕ್ಯಾನಿಂಗಿನ್ಯಾಗ ಡಾಕ್ಟರ್‌ಬಾಯಿ ಅಂದ್ರು: ಅಂಡಾಶಯ.
ನಲವತ್ತೊಂಬತ್ತು ವರ್ಷ ನನ್ನೊಳಗ ಇದ್ದದ್ದು,
ಹೆಸರು ಕೇಳಿದ್ದು ಆವತ್ತ.

ಹುಬ್ಬಳ್ಳಿಯೊಳಗ ಕೊಯ್ದರು, ಹೊಲಿದರು.
ಎದ್ದು ಕುಂದ್ರಾಕ ಬಂದ ಮ್ಯಾಲ ಕನ್ನಡ್ಯಾಗ ಹೊಲಿಗಿ ಎಣಿಸಿದೆ:
ಕೈ ಚೊಲೋ ಐತಿ ಆ ಹುಡುಗಂದು,
ತುದಿಗಿನ ಗಂಟು ಮಾತ್ರ ಒರಟು.
ಸಲಾಯಿನ್ ಆರು ಸುತ್ತು. ಕೂದಲ ಹೋದವು.
ಉಳಿದ ಅರಿವಿ ತುಂಡು ಕೂಡಿಸಿ ಹದಿನಾಕು ಟೊಪಿಗಿ ಹೊಲಿದೆ,
ವಾರ್ಡಿನ್ಯಾಗ ಹಂಚಿದೆ. ಸೈಜ್ ತಪ್ಪಲಿಲ್ಲ ಒಂದೂ.

ಈಗ ಬೆಳಗಾದರ ಕಾಲುವಿ ದಂಡಿ ಮ್ಯಾಲ ಒಂದು ಸುತ್ತು.
ನೀರು ಬಿಟ್ಟಾರೋ ಇಲ್ಲೋ ನೋಡೂದು ನನ್ನ ಪೇಪರು.
ಚಾಕ್ಕ ಸಕ್ರಿ ಎರಡು ಚಮಚ, ಯಾರಪ್ಪಂದೇನು.
ಇಡೀ ಒಂದು ರೊಟ್ಟಿ, ಗುರೆಳ್ಳು ಪುಡಿ, ಮ್ಯಾಲ ಎಣ್ಣಿ,
ಗುದ್ದಿದ ಉಳ್ಳಾಗಡ್ಡಿ. ಇಡೀ ಒಂದು!
ಕಡೀ ತುತ್ತಿಗೆ ಕಣ್ಣು ಮುಚ್ಚತೀನಿ,
ಮಂದಿ ದೇವರಿಗೆ ಮುಚ್ಚಿದಂಗ.
ಸಂಜಿಗೆ ಒಗ್ಗರಣಿ-ಮಿರ್ಚಿ ಗಾಡಿ ಬಂತಂದ್ರ
ಬಾಬಿನ್ ಖಾಲಿ ಆತಂತ ಸುಳ್ಳು ಹೇಳಿ ಏಳತೀನಿ.
ತಸ್ಲೀಮಾಗ ಗೊತ್ತೈತಿ. ತನಗೂ ಎರಡು ತರಾಕ ಹೇಳತಾಳ.

ಯಾರರ ಬಂದು "ಬಗಲಾಗ ಬಿಚ್ಚು, ಬಿಗಿ ಆಗೈತಿ" ಅಂದ್ರ
ಕತ್ತರಿ ಆಮ್ಯಾಲ. ಮೊದಲ ಕೇಳತೀನಿ:
ಎಷ್ಟು ದಿನ ಆತು? ಉಣ್ಣಾಕ ಕುಂತ್ರ ಬ್ಯಾಗ ತುಂಬತೈತೇನು?
ಕಿಬ್ಬೊಟ್ಟಿ ನೋವು? ಒಂದಕ್ಕ ಪದೇ ಪದೇ ಓಡತೀಯೇನು?
ಅವ್ವಗೋ ಅಕ್ಕಗೋ ಏನರ ಆಗಿತ್ತೇನು?
ಮಿಲ್ಲಿನ ಸಾಹುಕಾರ್ತಿ ಸಿಟ್ಟಾದ್ಲು,
"ಜಂಪರ್ ಹೊಲಿಯಾಕಿ ನೀನು, ನಾಡಿ ಹಿಡಿಯಾಕಿ ಅಲ್ಲ" ಅಂದ್ಲು,
ಬ್ಯಾರೆ ಟೇಲರ್ ಕಡಿಗೆ ಹೋದ್ಲು. ಹೋಗಲಿ.
ಗ್ಯಾಸ ಇರಲಿ ಯವ್ವಾ, ನಿನ್ನ ಬಾಯಾಗ ಸಕ್ರಿ ಬೀಳಲಿ.
ಆದರ ಎರಡು ಮೂರು ವಾರ ಬಿಡದ ಕಾಡೋ ಗ್ಯಾಸು
ಡಾಕ್ಟರ್‌ಗೆ ತೋರಸು, ಮೆಡಿಕಲ್ ಹುಡುಗಗಲ್ಲ.
ಹೋದವರೊಳಗ ಇಬ್ಬರಿಗೆ ಖರೇನ ಗ್ಯಾಸು.
ಬೈಕೊಂತ ಬಂದು ಪೇಡೆ ಕೊಟ್ಟು ಹೋದ್ರು.
ದ್ಯಾಮವ್ವನ ರಿಪೋರ್ಟ್ ಸೋಮವಾರ ಬರತೈತಿ.
ಆಕಿ ಜಂಪರ್ ಹೊಲಿದಿಟ್ಟೀನಿ, ಹುಕ್ಕು ಹಚ್ಚಿಲ್ಲ.

ನೋಟ್‌ಬುಕ್ಕಿನ ಕಡೀ ಹಾಳಿಗೆ ಈಗ ನನ್ನ ಹೆಸರು.
ತಿಂಗಳಿಗೊಮ್ಮೆ, ಹುಬ್ಬಳ್ಳಿಗೆ ತಪಾಸಣಿಗೆ ಹೋಗೂ ಮುಂಚಿನ ದಿನ,
ಕದ ಅರ್ಧ ಮುಚ್ಚಿ ತಸ್ಲೀಮಾ ಟೇಪು ಹಿಡಿತಾಳ.
ನಾ ಗ್ವಾಡಿ ನೋಡತೀನಿ. ಅತ್ತಾಗ ಮಿಲ್ಲು ಗುಡುಗತಿರತೈತಿ.
"ಉಸುರು ಬಿಡ್ರಿ ಅಕ್ಕಾ" ಅಂತಾಳ,
"ಹಿಡಕೊಂಡು ನಿಂತ್ರ ಅಳತಿ ತಪ್ಪತೈತಿ."