ಗೀರು

ನಲವತ್ತೊಂದು ವರ್ಷ ಕುರಿಯ ಉಣ್ಣೆ ಇಳಿಸಿದ ಕೈ
ಈಗ ಹಲ್ಲುಜ್ಜುವ ಬ್ರಷ್ಷು ಹಿಡಿದಿದೆ.
ಕ್ಲೆಮ್ ಟ್ರೆಗೆನ್ಜಾ, ಬೆನ್ನು ಬಿಲ್ಲು,
ವಾರಕ್ಕೆರಡು ದಿನ ಪುಕ್ಕಟೆ ಕೆಲಸ:
ಗುಹೆಯಿಂದ ತಂದ ಕೆಂಪು ಹೆಂಟೆಗಳಿಂದ
ಮೂಳೆ ಬಿಡಿಸುವುದು,
ಹಸುಗೂಸಿನ ಕಿವಿ ಒರೆಸುವಷ್ಟು ಮೆಲ್ಲಗೆ.

ಇವತ್ತು ಒಂದು ದವಡೆ.
ಕೋರೆಯಿಲ್ಲ. ಮುಂದಿನೆರಡು ಉಳಿಯಂತೆ ಚಾಚಿವೆ.
ಹಿಂದೆ, ಅಗಿಯುವ ಹಲ್ಲಿರಬೇಕಾದ ಕಡೆ,
ಉದ್ದಕ್ಕೂ ಒಂದೇ ಅಲಗು.
ಮೇಲಿನದು ಬಂದು ಕೂಡಿದರೆ
ಥೇಟು ನಮ್ಮ ಅಜ್ಜಿಯರ ಎಲೆಚೀಲದ ಅಡಕತ್ತರಿ.
ಕ್ಲೆಮ್‌ಗೆ ಅಡಕೆ ಗೊತ್ತಿಲ್ಲ.
ಹೆಬ್ಬೆರಳಿಂದ ಅಂಚು ಸವರಿ ಅಂದ:
"ಸಾಣೆ ಹಿಡಿದವರು ಯಾರೋ, ಕಸುಬು ಬಲ್ಲವರು."

ಹಲ್ಲಿಗೆ ಹಲ್ಲೇ ಸಾಣೆ.

ಚೀಲದ ಸಿಂಹ ಅನ್ನುತ್ತಾರೆ ಓದಿದವರು.
ಸಿಂಹದ ಪೈಕಿಯಲ್ಲ, ಸಿಂಹಕ್ಕೆ ಇದರ ಗುರುತೂ ಇಲ್ಲ.
ಕುಲ ಕೆದಕಿದರೆ ಸೊಪ್ಪುಸದೆಯ ಮನೆತನ:
ಬಿಲ ತೋಡುವ ವೊಂಬ್ಯಾಟ್ ದಾಯಾದಿ,
ಮರದಲ್ಲಿ ತೂಕಡಿಸುವ ಕೊವಾಲಾ ದೂರದ ಸೋದರತ್ತೆ.
ಯಾವ ಹಸಿವಿನ ರಾತ್ರಿಯೋ, ಆ ಮನೆಯ ಒಬ್ಬಳು
ಎಲೆ ಬಿಟ್ಟು ಹಲ್ಲಿಯೊಂದನ್ನು ಕಚ್ಚಿರಬೇಕು.
ಕೋರೆ ಕೊಡದ ದೇವರಿಗೆ ಕಾಯದೆ
ಇದ್ದ ಹಲ್ಲನ್ನೇ ಮಸೆದು ಚೂರಿ ಮಾಡಿಕೊಂಡ ವಂಶ.

ಮುಂಗಾಲ ಹೆಬ್ಬೆರಳಿಗೆ ಕುಡುಗೋಲಿನ ಉಗುರು,
ನಡೆವಾಗ ಒಳಗೆ, ಹಿಡಿವಾಗ ಹೊರಗೆ.
ಅಟ್ಟಿ ಓಡುವ ಜಾತಿಯಲ್ಲ:
ಕಾದು, ಮೇಲೆ ಬಿದ್ದು, ಅಪ್ಪಿ
(ಅಪ್ಪುಗೆಯೆಂದರೆ ಅಪ್ಪುಗೆಯೇ, ಬಿಡಿಸಲಾಗದ್ದು)
ತನಗಿಂತ ಎಷ್ಟೋ ದೊಡ್ಡ ಮೇವಿನ ಪ್ರಾಣಿಯ ಕುತ್ತಿಗೆಗೆ
ಅಲಗಿಟ್ಟರೆ ಆಯಿತು.
ಬಾಲ ನೆಲಕ್ಕೂರಿ ಮಣೆಯಂತೆ ಕೂತು
ಎರಡೂ ಕೈಯಲ್ಲಿ ಹಿಡಿದು ಊಟ.
ಆಮೇಲೆ ಮೂತಿ ನೆಕ್ಕಿಕೊಂಡು
ಹೊಟ್ಟೆಯ ಚೀಲದೊಳಗೆ ತಲೆ ತೂರಿಸಿ
ಅವರೆಕಾಳಿನಷ್ಟು ಮರಿ
ಮೊಲೆ ಕಚ್ಚಿದೆಯೇ ಎಂದು ನೋಡುತ್ತಿದ್ದಳು.
ಇದು ನನ್ನ ಊಹೆ. ಚೀಲ ಮಣ್ಣಿನಲ್ಲಿ ಉಳಿಯುವುದಿಲ್ಲ.

ಜುಲೈ. ಅಲ್ಲಿ ಆಗ ಚಳಿ.
ಥುಯ್ ಲಾಮ್, ಇಪ್ಪತ್ತೆಂಟರ ಸಂಶೋಧಕಿ,
ಮುದುಕನ ಸೊಂಟಕ್ಕೆ ಹಗ್ಗ ಬಿಗಿದು
ಕರ್ರಿ ಮರಗಳ ಬೇರಿನ ಸಂದಿಯಿಂದ ಕೆಳಗಿಳಿಸಿದಳು.
ಸುಣ್ಣದ ಗೋಡೆ. ಗೋಡೆಯ ಮೇಲೆ ಗೀರು.
ಗೀರಿನ ಮೇಲೆ ಗೀರು.

ಕ್ಲೆಮ್ ಮಾತು ನಿಲ್ಲಿಸಿದ. ಅವನಿಗೆ ಗೀರು ಗೊತ್ತು.
ಅವನಿಗೆ ಏಳು ವರ್ಷವಿದ್ದಾಗ
ಹೊಲದ ನೆಲಬಿರುಕಿಗೆ ಟಿಪ್ ಬಿತ್ತು, ಅಪ್ಪನ ಕುರಿನಾಯಿ.
ಮೂರು ದಿನ ಅದನ್ನು ಗಾಳಿಯ ಸದ್ದು ಅಂದುಕೊಂಡರು.
ಹಗ್ಗ ಇಳಿಸಿದಾಗ ನಾಯಿ ತಣ್ಣಗಿತ್ತು,
ಗೋಡೆ ಸುತ್ತಲೂ ಕೈಗೆಟುಕಿದಷ್ಟೆತ್ತರ ಅದರ ಬರಹ.
ಅಪ್ಪ ಹಲಗೆ ಮುಚ್ಚಿ ಕಲ್ಲು ಹೇರಿದ.
ಊಟಕ್ಕೆ ಬಾ ಅಂದ. ಅಷ್ಟೆ.

"ಬಿದ್ದವು," ಅಂದ ಕ್ಲೆಮ್. "ಹತ್ತಲಾರದೆ ಸತ್ತವು."

ಥುಯ್ ದೀಪವನ್ನು ಓರೆ ಮಾಡಿದಳು.
"ಗಾಬರಿ ಸುತ್ತಲೂ ಗೀರುತ್ತದೆ. ಇಲ್ಲಿ ನೋಡಿ,
ಈ ಬಂಡೆಯಿಂದ ಆ ಬಂಡೆಗೆ, ಒಂದೇ ಸಾಲು.
ಅದೂ ಕಡಿದಾದ ಕಡೆಯೇ.
ಹತ್ತಿ ಇಳಿದು, ಇಳಿದು ಹತ್ತಿ, ಎಷ್ಟು ತಲೆಮಾರೋ.
ಇದು ಹಾಳುಬಾವಿಯಲ್ಲ. ಮೆಟ್ಟಿಲು."

ದೊಡ್ಡ ಗೀರುಗಳ ಮಗ್ಗುಲಲ್ಲಿ ಸಣ್ಣವು,
ಕೂದಲೆಳೆಯಂಥವು.
ಒಂದೆಡೆ ಜಾರಿ ಉದ್ದವಾಗಿ,
ಮತ್ತೆ ಸ್ವಲ್ಪ ಮೇಲೆ, ಆಳವಾಗಿ.
ಅಮ್ಮ ಮೇಲೆ ಕಾದಿದ್ದಳೇನೋ.
ಕೊನೆಯದು ಯಾವ ರಾತ್ರಿ ಹತ್ತಿ ಹೋಗಿ
ತಿರುಗಿ ಇಳಿಯಲಿಲ್ಲವೋ, ಗೋಡೆ ಹೇಳದು;
ಗೋಡೆಯ ಬಳಿ ಬಂದವರ ಲೆಕ್ಕ ಮಾತ್ರ.

ಕ್ಲೆಮ್ ಮುಟ್ಟಲಿಲ್ಲ, ಮುಟ್ಟಬಾರದು ಅಂದಿದ್ದರು.
ಒಂದಂಗುಲ ದೂರದಲ್ಲಿ ಅಂಗೈ ಹಿಡಿದು
ಸಣ್ಣ ಗೀರಿನ ಜೊತೆಗೇ ಮೇಲಕ್ಕೆ ಒಯ್ದ,
ಭುಜ ನೋಯುವ ತನಕ.

ಹೊರಗೆ ಬಂದು ಫ್ಲಾಸ್ಕಿನ ಚಹಾ ಕುಡಿದ, ಸಕ್ಕರೆ ಸಾಲದು ಅಂದ.
ದಾರಿಯಲ್ಲಿ ಥುಯ್‌ಳನ್ನು ಒಂದೇ ಒಂದು ಕೇಳಿದ:
ಹಳೆಯ ಹೊಲ ಮಾರಿ ಮೂವತ್ತು ವರ್ಷ,
ಈಗಿನವರು ಒಬ್ಬ ಮುದುಕ ಬಂದು
ಹಲಗೆಯೊಂದನ್ನು ಎತ್ತಿಡುತ್ತೇನೆ ಅಂದರೆ
ಬಿಡುತ್ತಾರೆಯೇ?